ಹೆಬ್ಬಿದಿರು

ಹೆಬ್ಬಿದಿರು ಹುಲ್ಲಿನ ಕುಟುಂಬಕ್ಕೆ ಸೇರಿದ, ಉಷ್ಣವಲಯದ ಎತ್ತರವಾದ ಬಿದಿರಿನ ಪ್ರಭೇದ. ಇದರ ವೈಜ್ಞಾನಿಕ ಹೆಸರು ಬಾಂಬೂಸಾ ಬ್ಯಾಂಬೋಸ್. ಮೈಮೇಲೆ ಬಾಗಿದ ಮುಳ್ಳುಗಳಿರುವುದರಿಂದ ಇದನ್ನು ಮುಳ್ಳುಬಿದಿರು ಎಂದೂ ಕರೆಯುತ್ತಾರೆ. ಇದು ಭಾರತ, ಶ್ರೀಲಂಕಾ ಮತ್ತು ಆಗ್ನೇಯ ಏಷ್ಯಾದ ಕೆಲವು ದೇಶಗಳ ಕಾಡುಗಳಲ್ಲಿ ಸಹಜವಾಗಿ ಬೆಳೆಯುತ್ತದೆ. ಕರ್ನಾಟಕದಲ್ಲಿ ಪಶ್ಚಿಮ ಘಟ್ಟದ ತೇವಭರಿತ ಎಲೆಯುದುರುವ ಕಾಡುಗಳು, ನದಿದಂಡೆಗಳು ಮತ್ತು ತೋಟದ ಬೇಲಿಗಳು ಇದರ ನೆಲೆ. ಮಳೆಗಾಲದಲ್ಲಿ ನೆಲದಿಂದ ಮೇಲೇಳುವ ಇದರ ಎಳೆಯ ಮೊಳಕೆಯೇ ಕಳಲೆ. ಮಲೆನಾಡು, ಕೊಡಗು ಮತ್ತು ಕರಾವಳಿಯ ಜನರಿಗೆ ಅದು ಬಹುಕಾಲದಿಂದ ಪ್ರಿಯವಾದ ಆಹಾರ. ಆದರೆ ಸಸ್ಯದ ದೃಷ್ಟಿಯಿಂದ ಕಳಲೆ ಮುಂದಿನ ಗಳ. ಹೂ ಬಿಡಲು ಹಲವು ದಶಕಗಳನ್ನು ತೆಗೆದುಕೊಳ್ಳುವ ಈ ಸಸ್ಯವು ಅಲ್ಲಿಯವರೆಗೆ ತನ್ನನ್ನು ನವೀಕರಿಸಿಕೊಳ್ಳುವುದು ಕಳಲೆಯ ಮೂಲಕ ಮಾತ್ರ. ಹೆಬ್ಬಿದಿರಿನ ರಚನೆ, ಬಳಕೆ ಮತ್ತು ಸಂರಕ್ಷಣೆಯನ್ನು ಅರಿಯಲು ಈ ಒಂದು ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳುವುದು ಅಗತ್ಯ.

ಹೆಸರುಗಳು

ಕನ್ನಡದಲ್ಲಿ ಬಿದಿರು, ಹೆಬ್ಬಿದಿರು, ಮುಳ್ಳುಬಿದಿರು ಎಂಬ ಹೆಸರುಗಳು ಬಳಕೆಯಲ್ಲಿವೆ. 'ಹಿರಿದು' ಎಂಬುದರ ರೂಪವಾದ 'ಹೆ' ಬಿದಿರಿಗೆ ಸೇರಿ ಹೆಬ್ಬಿದಿರು ಆಗಿದೆ. ಸಂಸ್ಕೃತದಲ್ಲಿ ವೇಣು ಮತ್ತು ವಂಶ, ತೆಲುಗಿನಲ್ಲಿ ವೆದುರು, ತಮಿಳಿನಲ್ಲಿ ಮೂಂಗಿಲ್, ಮಲಯಾಳದಲ್ಲಿ ಮುಳ ಹಾಗೂ ಇಲ್ಲಿ, ಹಿಂದಿಯಲ್ಲಿ ಬಾಂಸ್ ಎಂಬ ಪದಗಳಿವೆ. ಎಳೆ ಮೊಳಕೆಗೆ ಕನ್ನಡದಲ್ಲಿ ಕಳಲೆ, ತುಳುವಿನಲ್ಲಿ ಕಣಿಲೆ, ಕೊಡವ ಭಾಷೆಯಲ್ಲಿ ಬೈಂಬಳೆ, ಕೊಂಕಣಿಯಲ್ಲಿ ಕೀರ್ಲು ಎಂಬ ಪ್ರತ್ಯೇಕ ಹೆಸರುಗಳಿರುವುದು ಈ ಪ್ರದೇಶದ ಊಟದಲ್ಲಿ ಅದಕ್ಕಿರುವ ಸ್ಥಾನವನ್ನು ತೋರಿಸುತ್ತದೆ. ಬಿದಿರು ಒತ್ತಾಗಿ ಗುಂಪುಗೂಡಿ ಬೆಳೆದ ಪೊದೆಗೆ ಮೆಳೆ ಎಂದೂ, ಬಲಿತ ಕಾಂಡಕ್ಕೆ ಗಳ ಎಂದೂ ಹೆಸರು.

ಇಂಗ್ಲಿಷಿನ 'ಬ್ಯಾಂಬೂ' ಪದದ ಮೂಲದ ಬಗ್ಗೆ ಒಮ್ಮತವಿಲ್ಲ. ಕೆಲವು ನಿಘಂಟುಗಳು ಅದನ್ನು ಮಲಯ ಭಾಷೆಯಿಂದ ಬಂದದ್ದೆಂದೂ, ಇನ್ನು ಕೆಲವು ಕನ್ನಡದಿಂದ ಹೋಗಿರಬಹುದೆಂದೂ ಹೇಳುತ್ತವೆ.

ವರ್ಗೀಕರಣ

ಹೆಬ್ಬಿದಿರು ಪೊಯೇಸೀ ಕುಟುಂಬದ ಬ್ಯಾಂಬುಸಾಯ್ಡೀ ಉಪಕುಟುಂಬಕ್ಕೆ ಸೇರಿದೆ. ಪೊಯೇಸೀ ಕುಟುಂಬಕ್ಕೆ ಹಳೆಯ ಗ್ರಂಥಗಳಲ್ಲಿ ಗ್ರಾಮಿನೀ ಎಂಬ ಹೆಸರಿದೆ. ಭತ್ತ, ರಾಗಿ, ಜೋಳ, ಕಬ್ಬು ಇವೆಲ್ಲವೂ ಇದೇ ಕುಟುಂಬದವು. ಬಿದಿರು ಎಷ್ಟೇ ಎತ್ತರವಾಗಿದ್ದರೂ ಸಸ್ಯಶಾಸ್ತ್ರದ ಪ್ರಕಾರ ಮರವಲ್ಲ, ಹುಲ್ಲು.

ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ 'ಸ್ಪೀಷೀಸ್ ಪ್ಲಾಂಟಾರಮ್' ಗ್ರಂಥದಲ್ಲಿ ಇದನ್ನು ಲಾಳದ ಕಡ್ಡಿಯಂಥ ಹುಲ್ಲುಗಳ ಜಾತಿಯೊಡನೆ ಸೇರಿಸಿ 'ಅರುಂಡೊ ಬ್ಯಾಂಬೋಸ್' ಎಂದು ಹೆಸರಿಸಿದನು. ಅನಂತರ ಬಿದಿರುಗಳಿಗೆ ಬಾಂಬೂಸಾ ಎಂಬ ಪ್ರತ್ಯೇಕ ಜಾತಿ ರೂಪುಗೊಂಡಿತು. ಹಳೆಯ ಅರಣ್ಯ ವರದಿಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಕಾಣುವ 'ಬಾಂಬೂಸಾ ಅರುಂಡಿನೇಸಿಯಾ' ಎಂಬುದು ಇದೇ ಸಸ್ಯದ ಇನ್ನೊಂದು ಹೆಸರು. ಆದ್ದರಿಂದ ಎರಡೂ ಹೆಸರುಗಳನ್ನು ಕಂಡ ವಿದ್ಯಾರ್ಥಿಗಳು ಅವು ಬೇರೆ ಬೇರೆ ಪ್ರಭೇದಗಳೆಂದು ಭಾವಿಸಬೇಕಾಗಿಲ್ಲ.

ಹರಡುವಿಕೆ ಮತ್ತು ನೆಲೆ

ಈ ಬಿದಿರು ಭಾರತದ ಬಹುಭಾಗ, ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್, ಥಾಯ್ಲೆಂಡ್ ಮುಂತಾದೆಡೆ ಕಂಡುಬರುತ್ತದೆ. ಉಷ್ಣವಲಯದ ಇತರ ದೇಶಗಳಲ್ಲಿಯೂ ಇದನ್ನು ನೆಟ್ಟು ಬೆಳೆಸಿದ್ದಾರೆ. ಆಳವಾದ, ತೇವವುಳ್ಳ, ನೀರು ಬಸಿದುಹೋಗುವ ಮೆಕ್ಕಲುಮಣ್ಣು ಇದಕ್ಕೆ ಹೆಚ್ಚು ಒಗ್ಗುತ್ತದೆ. ಹೀಗಾಗಿ ಹೊಳೆಗಳ ಇಕ್ಕೆಲಗಳಲ್ಲಿಯೂ ಕಣಿವೆಗಳ ತಳದಲ್ಲಿಯೂ ಮೆಳೆಗಳು ದಟ್ಟವಾಗಿ ಬೆಳೆಯುತ್ತವೆ.

ಕರ್ನಾಟಕದಲ್ಲಿ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳ ಕಾಡುಗಳಲ್ಲಿ ಹೆಬ್ಬಿದಿರು ಇದೆ. ಒಣಗಾಡುಗಳ ಕಡೆಗೆ ಸಾಗಿದಂತೆ ಇದು ಕಡಿಮೆಯಾಗಿ, ಕಿರುಬಿದಿರು ಹೆಚ್ಚುತ್ತದೆ.

ಸಸ್ಯದ ರಚನೆ

ನೆಲದೊಳಗಿನ ಕಾಂಡ: ಬಿದಿರಿನ ಮೆಳೆಯ ನಿಜವಾದ ಶಾಶ್ವತ ಭಾಗ ನೆಲದಡಿಯಲ್ಲಿದೆ. ಅಲ್ಲಿ ದಪ್ಪನಾದ, ಗಿಡ್ಡನೆಯ, ಗಿಣ್ಣುಗಳುಳ್ಳ ಗುಪ್ತಕಾಂಡಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಪ್ರತಿಯೊಂದು ಗುಪ್ತಕಾಂಡದ ತುದಿಯೂ ಮೇಲಕ್ಕೆ ಬಾಗಿ ಒಂದು ಗಳವಾಗುತ್ತದೆ. ಅದರ ಪಕ್ಕದ ಮೊಗ್ಗಿನಿಂದ ಮುಂದಿನ ಗುಪ್ತಕಾಂಡ ಹುಟ್ಟುತ್ತದೆ. ಹೊಸ ಗಳ ಹಳೆಯದರ ಸಮೀಪದಲ್ಲಿಯೇ ಏಳುವುದರಿಂದ ಬಿದಿರು ಗುಂಪುಗೂಡಿ ಮೆಳೆಯಾಗುತ್ತದೆ. ಚೀನಾ, ಜಪಾನುಗಳ ಸಮಶೀತೋಷ್ಣ ಪ್ರದೇಶದ ಅನೇಕ ಬಿದಿರುಗಳಲ್ಲಿ ಗುಪ್ತಕಾಂಡ ನೆಲದಡಿ ದೂರದವರೆಗೆ ಹರಿದು, ಗಳಗಳು ಬಿಡಿಬಿಡಿಯಾಗಿ ಏಳುತ್ತವೆ. ಹೆಬ್ಬಿದಿರಿನಲ್ಲಿ ಹಾಗಾಗುವುದಿಲ್ಲ.

ಗಳ: ಬಲಿತ ಗಳ ಸಾಮಾನ್ಯವಾಗಿ 15ರಿಂದ 30 ಮೀಟರ್ ಎತ್ತರವಿರುತ್ತದೆ. ಬುಡದ ಅಡ್ಡಳತೆ 10ರಿಂದ 18 ಸೆಂಟಿಮೀಟರ್. ಗಿಣ್ಣಿನಿಂದ ಗಿಣ್ಣಿಗೆ ಸುಮಾರು 20ರಿಂದ 40 ಸೆಂಟಿಮೀಟರ್ ಅಂತರವಿರುತ್ತದೆ. ಗಳದ ಒಳಗೆ ಟೊಳ್ಳಿದ್ದರೂ ಗೋಡೆ ಬಹಳ ದಪ್ಪ. ಬುಡದ ಗಿಣ್ಣುಗಳ ಸುತ್ತ ಚಿಕ್ಕ ಬೇರುಗಳು ಮೂಡಿರುತ್ತವೆ. ಎಳೆಯ ಗಳ ಹೊಳೆಯುವ ಹಸಿರು ಬಣ್ಣದ್ದು. ಬಲಿತು ಒಣಗಿದಂತೆ ಹಳದಿಗೆ ತಿರುಗುತ್ತದೆ. ತುದಿಯು ಭಾರಕ್ಕೆ ಬಾಗಿ ಕಮಾನಿನಂತೆ ತೂಗುತ್ತದೆ.

ಮುಳ್ಳುಗಳು: ಗಳದ ಎಲ್ಲ ಗಿಣ್ಣುಗಳಿಂದಲೂ ಕವಲುಗಳು ಹೊರಡುತ್ತವೆ. ಕೆಳಗಿನ ಕವಲುಗಳು ನೆಲಕ್ಕೆ ಸಮಾನಾಂತರವಾಗಿ, ಎಲೆಗಳಿಲ್ಲದೆ, ಗಡುಸಾಗಿ ಚಾಚಿಕೊಳ್ಳುತ್ತವೆ. ಅವುಗಳ ಗಿಣ್ಣುಗಳಲ್ಲಿ ಬಾಗಿದ, ಚೂಪಾದ ಮುಳ್ಳುಗಳು ಎರಡು ಮೂರರಂತೆ ಇರುತ್ತವೆ. ಈ ಮುಳ್ಳುಗಳು ರೂಪಾಂತರಗೊಂಡ ಕಿರುಕವಲುಗಳು. ಮೆಳೆಯ ಬುಡದಲ್ಲಿ ಇಂಥ ಕವಲುಗಳು ಹೆಣೆದುಕೊಂಡು ದಾಟಲಾಗದ ಬೇಲಿಯಂತಾಗುತ್ತವೆ.

ಎಲೆ: ಎಲೆಗಳು ಕಿರಿದಾಗಿ, ಈಟಿಯಾಕಾರದಲ್ಲಿದ್ದು, ತುದಿ ಚೂಪಾಗಿರುತ್ತದೆ. ಉದ್ದ ಹೆಚ್ಚೆಂದರೆ 20 ಸೆಂಟಿಮೀಟರಿನಷ್ಟು. ಗಳವನ್ನು ಎಳೆತನದಲ್ಲಿ ಹೊದ್ದಿರುವ ಕವಚದೆಲೆಗಳು ಇವುಗಳಿಂದ ಭಿನ್ನ. ಅವು ಅಗಲವಾಗಿ, ತೊಗಲಿನಂತೆ ದಪ್ಪಗಿದ್ದು, ಗಳ ಬೆಳೆದ ಮೇಲೆ ಕಳಚಿ ಬೀಳುತ್ತವೆ. ಬಿದಿರಿನ ಪ್ರಭೇದಗಳನ್ನು ಗುರುತಿಸುವಾಗ ಸಸ್ಯವಿಜ್ಞಾನಿಗಳು ಈ ಕವಚದೆಲೆಯ ಆಕಾರ ಮತ್ತು ರೋಮಗಳನ್ನು ವಿಶೇಷವಾಗಿ ಪರೀಕ್ಷಿಸುತ್ತಾರೆ. ಹೂವು ಅಪರೂಪವಾದ್ದರಿಂದ ಈ ಕ್ರಮ ಅನಿವಾರ್ಯ.

ಕಳಲೆಯ ಬೆಳವಣಿಗೆ

ಮುಂಗಾರು ಮಳೆ ನೆಲವನ್ನು ನೆನೆಸಿದ ಬಳಿಕ ಗುಪ್ತಕಾಂಡದ ಮೊಗ್ಗುಗಳು ಊದಿಕೊಂಡು ಕಳಲೆಗಳಾಗಿ ಹೊರಬರುತ್ತವೆ. ಕಳಲೆಯು ಶಂಕುವಿನ ಆಕಾರದಲ್ಲಿದ್ದು, ಒಂದರ ಮೇಲೊಂದು ಹೊದಿಸಿದ ಕವಚದೆಲೆಗಳಿಂದ ಮುಚ್ಚಿರುತ್ತದೆ. ಅದನ್ನು ಉದ್ದಕ್ಕೆ ಸೀಳಿದರೆ ಒತ್ತಾಗಿ ಅಡಕವಾದ ಅಡ್ಡಪರದೆಗಳ ಸಾಲು ಕಾಣುತ್ತದೆ. ಮುಂದೆ ಗಳದಲ್ಲಿ ಕಾಣುವ ಗಿಣ್ಣುಗಳು ಇವೇ. ಅಂದರೆ ಇಡೀ ಗಳ ಮಡಿಸಿಟ್ಟ ರೂಪದಲ್ಲಿ ಕಳಲೆಯೊಳಗೆ ಮೊದಲೇ ಇರುತ್ತದೆ.

ಅಲ್ಲಿಂದ ಮುಂದಿನ ಬೆಳವಣಿಗೆ ಮುಖ್ಯವಾಗಿ ಗಿಣ್ಣುಗಳ ನಡುವಿನ ಭಾಗ ನೀಳವಾಗುವುದರಿಂದ ನಡೆಯುತ್ತದೆ. ಪ್ರತಿ ಗಿಣ್ಣಿನ ಮೇಲ್ಭಾಗದಲ್ಲಿರುವ ಬೆಳವಣಿಗೆಯ ಅಂಗಾಂಶವು ಕೆಳಗಿನಿಂದ ಮೇಲಕ್ಕೆ ಅನುಕ್ರಮವಾಗಿ ಚುರುಕುಗೊಳ್ಳುತ್ತದೆ. ಹಲವು ಗಿಣ್ಣುಗಳ ನಡುವೆ ಏಕಕಾಲಕ್ಕೆ ಬೆಳವಣಿಗೆ ನಡೆಯುವುದರಿಂದ ಗಳವು ದಿನಕ್ಕೆ ಹಲವು ಸೆಂಟಿಮೀಟರಿನಷ್ಟು ಏರಿ, ಎರಡು ಮೂರು ತಿಂಗಳಲ್ಲಿ ಪೂರ್ಣ ಎತ್ತರ ಮುಟ್ಟುತ್ತದೆ. ಆ ಬಳಿಕ ಅದು ಉದ್ದವಾಗುವುದೂ ಇಲ್ಲ, ದಪ್ಪವಾಗುವುದೂ ಇಲ್ಲ. ಮರಗಳಲ್ಲಿ ವರ್ಷವರ್ಷವೂ ಸುತ್ತಳತೆಯನ್ನು ಹೆಚ್ಚಿಸುವ ಕೇಂಬಿಯಮ್ ಎಂಬ ಪದರ ಬಿದಿರಿನಲ್ಲಿಲ್ಲ. ಕಳಲೆಯ ದಪ್ಪವೇ ಗಳದ ದಪ್ಪವನ್ನು ನಿರ್ಧರಿಸುತ್ತದೆ. ಮುಂದಿನ ಎರಡು ಮೂರು ವರ್ಷಗಳಲ್ಲಿ ಗಳದ ಗೋಡೆ ಗಟ್ಟಿಯಾಗಿ, ಬಳಕೆಗೆ ಯೋಗ್ಯವಾಗುತ್ತದೆ.

ಈ ವೇಗದ ಬೆಳವಣಿಗೆಗೆ ಬೇಕಾದ ಆಹಾರವನ್ನು ಕಳಲೆ ತಾನೇ ತಯಾರಿಸಿಕೊಳ್ಳಲಾರದು. ಅದಕ್ಕೆ ಆಗ ಹಸಿರೆಲೆಗಳೇ ಇರುವುದಿಲ್ಲ. ಹಿಂದಿನ ವರ್ಷಗಳ ಗಳಗಳ ಎಲೆಗಳು ತಯಾರಿಸಿ, ಗಳ ಮತ್ತು ಗುಪ್ತಕಾಂಡಗಳಲ್ಲಿ ಸಂಗ್ರಹಿಸಿದ ಪಿಷ್ಟವೇ ಅದರ ಆಧಾರ. ಬಲಿತ ಗಳಗಳನ್ನೆಲ್ಲ ಒಮ್ಮೆಗೇ ಕಡಿದ ಮೆಳೆಯಲ್ಲಿ ಮುಂದಿನ ಮಳೆಗಾಲದ ಕಳಲೆಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಗಾತ್ರದಲ್ಲಿ ಬಡಕಲಾಗುವುದಕ್ಕೆ ಇದೇ ಕಾರಣ.

ಎಲ್ಲ ಕಳಲೆಗಳೂ ಗಳವಾಗುವುದಿಲ್ಲ. ಒತ್ತೊತ್ತಾಗಿ ಹುಟ್ಟಿದವು ಮತ್ತು ಮಳೆಗಾಲದ ಕೊನೆಯಲ್ಲಿ ತಡವಾಗಿ ಬಂದವುಗಳಲ್ಲಿ ಅನೇಕವು ತಾವಾಗಿಯೇ ಕೊಳೆತುಹೋಗುತ್ತವೆ. ಮೂತಿಹುಳುಗಳ ಮರಿಗಳೂ ಕಳಲೆಯನ್ನು ಕೊರೆಯುತ್ತವೆ. ಆನೆ, ಕಾಡುಹಂದಿ, ಮುಳ್ಳುಹಂದಿ, ಕಡವೆ, ಕಾಡೆಮ್ಮೆ, ಮಂಗ ಮತ್ತು ಊರಿನ ದನಕರುಗಳಿಗೆ ಅದು ಮೃದುವಾದ ಮೇವು. ಹೀಗಾಗಿ ಕಳಲೆಗೆ ಮೂರು ಬಗೆಯ ರಕ್ಷಣೆಯಿದೆ: ಮೆಳೆಯ ಬುಡದ ಮುಳ್ಳಿನ ಹೆಣಿಗೆ, ಮೈಗೆ ಸುತ್ತಿದ ಗಡುಸಾದ ಕವಚದೆಲೆಗಳು ಮತ್ತು ತಿರುಳಿನೊಳಗಿನ ವಿಷವಸ್ತು.

ಹೂ, ಬೀಜ ಮತ್ತು ಮೆಳೆಯ ಮರಣ

ಹೆಬ್ಬಿದಿರು ತನ್ನ ಆಯುಷ್ಯದಲ್ಲಿ ಒಂದೇ ಬಾರಿ ಹೂ ಬಿಟ್ಟು ಸಾಯುತ್ತದೆ. ಈ ಅವಧಿ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿದ್ದು, ಸಾಮಾನ್ಯವಾಗಿ 30ರಿಂದ 50 ವರ್ಷಗಳ ನಡುವೆ ಇರುತ್ತದೆ. ಒಂದೇ ಪೀಳಿಗೆಯ ಬೀಜಗಳಿಂದ ಹುಟ್ಟಿದ ಮೆಳೆಗಳು ವಿಶಾಲ ಪ್ರದೇಶದಲ್ಲಿ ಹೆಚ್ಚು ಕಡಿಮೆ ಒಟ್ಟಿಗೇ ಹೂ ಬಿಡುತ್ತವೆ. ಇದಕ್ಕೆ ಸಾಮೂಹಿಕ ಹೂಬಿಡುವಿಕೆ ಎಂದು ಹೆಸರು. ಆಗ ಎಲೆಗಳು ಉದುರಿ, ಗಳಗಳ ತುಂಬ ಹುಲ್ಲಿನ ತೆನೆಯಂಥ ಹೂಗೊಂಚಲುಗಳು ಕಾಣಿಸಿಕೊಳ್ಳುತ್ತವೆ. ಪ್ರತಿ ಹೂವಿನಲ್ಲಿ ಆರು ಕೇಸರಗಳಿರುತ್ತವೆ. ಪರಾಗಸ್ಪರ್ಶ ಮುಖ್ಯವಾಗಿ ಗಾಳಿಯಿಂದ ನಡೆಯುತ್ತದೆ.

ಬೀಜವು ಗೋಧಿಕಾಳನ್ನು ಹೋಲುವ ಚಿಕ್ಕ ಧಾನ್ಯ. ಇದನ್ನೇ ಬಿದಿರಕ್ಕಿ ಎನ್ನುತ್ತಾರೆ. ಮೆಳೆಯ ಬುಡವನ್ನು ಗುಡಿಸಿ, ಬಿದ್ದ ಬೀಜಗಳನ್ನು ಕೂಡಿಸಿ, ಕುಟ್ಟಿ, ಅನ್ನದಂತೆ ಬೇಯಿಸಿ ಉಣ್ಣುವ ರೂಢಿ ಕಾಡಿನಂಚಿನ ಜನರಲ್ಲಿದೆ. ಬೀಜಕ್ಕೆ ಮೊಳೆಯುವ ಶಕ್ತಿ ಕೆಲವು ತಿಂಗಳು ಮಾತ್ರ ಇರುವುದರಿಂದ ಅದನ್ನು ವರ್ಷಗಟ್ಟಲೆ ಇಟ್ಟು ಬಿತ್ತಲಾಗದು.

ಇಷ್ಟು ದೀರ್ಘಕಾಲ ಕಾದು ಎಲ್ಲವೂ ಒಟ್ಟಿಗೇ ಹೂ ಬಿಡುವುದೇಕೆ ಎಂಬ ಪ್ರಶ್ನೆಗೆ ಅಮೆರಿಕದ ಪರಿಸರವಿಜ್ಞಾನಿ ಡೇನಿಯಲ್ ಜಾನ್ಜೆನ್ 1976ರಲ್ಲಿ ಒಂದು ವಿವರಣೆ ನೀಡಿದರು. ಬೀಜ ತಿನ್ನುವ ಇಲಿ, ಹಕ್ಕಿಗಳೆಲ್ಲ ಹೊಟ್ಟೆ ತುಂಬ ತಿಂದರೂ ಮುಗಿಯದಷ್ಟು ಬೀಜ ಒಮ್ಮೆಗೇ ಬಿದ್ದರೆ ಅದರಲ್ಲಿ ಒಂದಂಶ ಉಳಿದು ಮೊಳೆಯುತ್ತದೆ. ಬೇರೆ ಹೊತ್ತಿನಲ್ಲಿ ಒಂಟಿಯಾಗಿ ಹೂ ಬಿಟ್ಟ ಮೆಳೆಯ ಬೀಜ ಪೂರ್ತಿಯಾಗಿ ತಿನ್ನಲ್ಪಡುತ್ತದೆ ಎಂಬುದು ಅದರ ಸಾರ. ಬೀಜ ಹೇರಳವಾದಾಗ ಇಲಿಗಳ ಸಂಖ್ಯೆ ಏರುವುದೂ, ಬೀಜ ಮುಗಿದ ಮೇಲೆ ಅವು ಹೊಲಗಳಿಗೆ ನುಗ್ಗುವುದೂ ಉಂಟು. ಮಿಜೋರಾಂ ರಾಜ್ಯದಲ್ಲಿ 'ಮೌತಮ್' ಎಂದು ಕರೆಯುವ ಕ್ಷಾಮಕ್ಕೆ ಇಂಥ ಇಲಿಗಳ ಹಾವಳಿಯೇ ಕಾರಣ. ಆದರೆ ಅಲ್ಲಿಯ ಬಿದಿರು ಮೆಲೊಕಾನ ಬ್ಯಾಕ್ಸಿಫೆರ ಎಂಬ ಬೇರೆ ಪ್ರಭೇದ.

ಹೂ ಬಿಟ್ಟ ಮೆಳೆ ಒಣಗಿ ನಿಂತಾಗ ಕಾಡಿಗೆ ಬೆಂಕಿಯ ಅಪಾಯ ಹೆಚ್ಚುತ್ತದೆ. ನೆಲದಲ್ಲಿ ಸಸಿಗಳು ಹುಲ್ಲುಹಾಸಿನಂತೆ ಮೊಳೆತರೂ ಬೆಂಕಿಗೂ ಮೇವಿಗೂ ಸಿಕ್ಕಿ ಬಹುಪಾಲು ನಾಶವಾಗುತ್ತವೆ. ಉಳಿದವು ಪೂರ್ಣ ಗಾತ್ರದ ಗಳಗಳನ್ನು ಕೊಡುವ ಮೆಳೆಗಳಾಗಲು ಹತ್ತು ವರ್ಷಗಳಷ್ಟು ಕಾಲ ಬೇಕು. ಆ ಅವಧಿಯಲ್ಲಿ ಬಿದಿರನ್ನು ಅವಲಂಬಿಸಿದ ಆನೆ, ಕಾಡೆಮ್ಮೆಗಳಿಗೂ ಬುಟ್ಟಿ ಹೆಣೆಯುವವರಿಗೂ ಕೊರತೆಯುಂಟಾಗುತ್ತದೆ.

ಆಹಾರವಾಗಿ ಕಳಲೆ

ಕಳಲೆಯ ತೂಕದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರು. ಕೊಬ್ಬು ಅತ್ಯಲ್ಪ, ನಾರು ಮತ್ತು ಪೊಟ್ಯಾಸಿಯಮ್ ಚೆನ್ನಾಗಿವೆ. ಆದರೆ ಹಸಿ ಕಳಲೆಯನ್ನು ತಿನ್ನಬಾರದು. ಅದರಲ್ಲಿ ಟ್ಯಾಕ್ಸಿಫಿಲಿನ್ ಎಂಬ ಸಂಯುಕ್ತವಿದ್ದು, ಕಳಲೆಯನ್ನು ಕತ್ತರಿಸಿದಾಗ ಅಥವಾ ಜಗಿದಾಗ ಕಿಣ್ವದ ಕ್ರಿಯೆಯಿಂದ ವಿಷಕಾರಿಯಾದ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ತುದಿಯ ಭಾಗದಲ್ಲಿ ಈ ಸಂಯುಕ್ತ ಹೆಚ್ಚು. ಕಳಲೆಯ ಕಹಿಗೂ ಇದೇ ಕಾರಣ.

ಕನ್ನಡನಾಡಿನ ಅಡುಗೆಯ ರೂಢಿಯಲ್ಲಿ ಇದಕ್ಕೆ ತಕ್ಕ ಪರಿಹಾರವಿದೆ. ಕವಚವನ್ನು ಸುಲಿದು, ಎಳೆಯ ಭಾಗವನ್ನು ತೆಳುವಾಗಿ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಕೊನೆಗೆ ಚೆನ್ನಾಗಿ ಬೇಯಿಸಿ ಆ ನೀರನ್ನು ಚೆಲ್ಲುತ್ತಾರೆ. ಹೆಚ್ಚಿದಾಗ ಕಿಣ್ವದ ಕ್ರಿಯೆ ನಡೆದು, ಬಿಡುಗಡೆಯಾದ ವಿಷ ನೀರಿಗೆ ಇಳಿಯುತ್ತದೆ. ಕುದಿಸುವಾಗ ಉಳಿದುದು ಆವಿಯೊಡನೆ ಹೋಗುತ್ತದೆ. ಆದ್ದರಿಂದ ಪಾತ್ರೆಯ ಮುಚ್ಚಳ ತೆರೆದು ಬೇಯಿಸುವುದು ಒಳ್ಳೆಯದು. ನೆನೆಸಿದ ನೀರನ್ನು ದನಕರುಗಳು ಕುಡಿಯದಂತೆಯೂ ನೋಡಿಕೊಳ್ಳಬೇಕು. ಥೈರಾಯ್ಡ್ ತೊಂದರೆಯುಳ್ಳವರು ಕಳಲೆಯನ್ನು ಪದೇ ಪದೇ ಸೇವಿಸುವ ಮುನ್ನ ವೈದ್ಯರನ್ನು ಕೇಳುವುದು ಉಚಿತ.

ಹೀಗೆ ಹದಗೊಳಿಸಿದ ಕಳಲೆಯಿಂದ ಮಲೆನಾಡಿನಲ್ಲಿ ಪಲ್ಯ, ಹುಳಿ ಮತ್ತು ಉಪ್ಪಿನಕಾಯಿ ಮಾಡುತ್ತಾರೆ. ಕೊಡಗಿನಲ್ಲಿ ಬೈಂಬಳೆ ಕರಿಯನ್ನು ಅಕ್ಕಿರೊಟ್ಟಿಯೊಡನೆ ತಿನ್ನುತ್ತಾರೆ. ತುಳುನಾಡಿನಲ್ಲಿ ಆಟಿ ತಿಂಗಳ ತಿನಿಸುಗಳಲ್ಲಿ ಕಣಿಲೆಗೆ ಸ್ಥಾನವಿದ್ದು, ಅದನ್ನು ಹೆಸರುಕಾಳಿನೊಡನೆ ಬೇಯಿಸುವುದುಂಟು. ಕೊಂಕಣಿ ಮನೆಗಳಲ್ಲಿ ಕೀರ್ಲನ್ನು ಉಪ್ಪುನೀರಿನಲ್ಲಿ ಹಾಕಿಟ್ಟು ಬಹುಕಾಲ ಬಳಸುತ್ತಾರೆ.

ಇತರ ಉಪಯೋಗಗಳು

ಏಣಿ, ಚಪ್ಪರ, ಮನೆಯ ಸೂರು, ಕಟ್ಟಡ ಕೆಲಸದ ಅಟ್ಟಣೆ ಮೊದಲಾದವುಗಳಿಗೆ ಹೆಬ್ಬಿದಿರಿನ ಗಳಗಳು ಬೇಕು. ಮೇದರ ಸಮುದಾಯದವರು ಬಿದಿರಿನ ಸೀಳುಗಳಿಂದ ಬುಟ್ಟಿ, ಮೊರ, ತಟ್ಟಿ, ಕಣಜಗಳನ್ನು ಹೆಣೆಯುತ್ತಾರೆ. ಕಾಗದದ ತಯಾರಿಕೆಗೂ ಇದರ ತಿರುಳು ಬಳಕೆಯಾಗಿದೆ. ಕೆಲವು ಗಳಗಳ ಟೊಳ್ಳಿನಲ್ಲಿ ಸಂಗ್ರಹವಾಗುವ, ಸಿಲಿಕಾ ಹೇರಳವಾಗಿರುವ ಬಿಳಿಯ ಪದಾರ್ಥವನ್ನು ವಂಶಲೋಚನ ಎಂಬ ಹೆಸರಿನಿಂದ ಆಯುರ್ವೇದದಲ್ಲಿ ಬಳಸುತ್ತಾರೆ. ಗಳದಲ್ಲಿ ಪಿಷ್ಟ ಉಳಿದಿದ್ದರೆ ಕುಟ್ಟೆಹುಳು ಬೀಳುತ್ತದೆ. ಕಡಿದ ಬಿದಿರನ್ನು ಕೆರೆ ಅಥವಾ ಹೊಳೆಯ ನೀರಿನಲ್ಲಿ ಕೆಲವು ವಾರ ಮುಳುಗಿಸಿಡುವ ಹಳೆಯ ಕ್ರಮದಿಂದ ಪಿಷ್ಟ ಕಡಿಮೆಯಾಗಿ ಬಾಳಿಕೆ ಹೆಚ್ಚುತ್ತದೆ.

ಹೋಲುವ ಪ್ರಭೇದಗಳು

ಕರ್ನಾಟಕದಲ್ಲಿ ಹೆಬ್ಬಿದಿರಿನಷ್ಟೇ ಮುಖ್ಯವಾದ ಇನ್ನೊಂದು ಪ್ರಭೇದ ಕಿರುಬಿದಿರು, ಅಂದರೆ ಡೆಂಡ್ರೊಕ್ಯಾಲಮಸ್ ಸ್ಟ್ರಿಕ್ಟಸ್. ಅದಕ್ಕೆ ಮುಳ್ಳಿಲ್ಲ, ಗಳ ಸಣ್ಣದಾಗಿದ್ದು, ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ಆಗ್ನೇಯ ಏಷ್ಯಾದಲ್ಲಿ ಕಳಲೆಗಾಗಿಯೇ ಬೆಳೆಸುವ ಡೆಂಡ್ರೊಕ್ಯಾಲಮಸ್ ಆಸ್ಪರ್ ಕೂಡ ಎತ್ತರವಾದ ಬಿದಿರು, ಅದಕ್ಕೂ ಮುಳ್ಳಿಲ್ಲ. ಉದ್ಯಾನಗಳಲ್ಲಿ ಅಲಂಕಾರಕ್ಕೆ ನೆಡುವ, ಹಸಿರು ಗೆರೆಗಳುಳ್ಳ ಹಳದಿ ಬಿದಿರು ಬಾಂಬೂಸಾ ವಲ್ಗ್ಯಾರಿಸ್ ಪ್ರಭೇದದ್ದು. ದಪ್ಪ ಗೋಡೆಯ ದೊಡ್ಡ ಗಳ ಮತ್ತು ಬುಡದ ಮುಳ್ಳುಕವಲು ಎರಡೂ ಒಟ್ಟಿಗಿದ್ದರೆ ನಮ್ಮ ಕಾಡುಗಳಲ್ಲಿ ಅದು ಹೆಬ್ಬಿದಿರೆಂದು ತಿಳಿಯಬಹುದು.

ಮೆಳೆಯ ಮುಳ್ಳು ಮತ್ತು ಸಂರಕ್ಷಣೆ

ಬುಡದ ಮುಳ್ಳುಹೆಣಿಗೆಯ ಮಹತ್ವವನ್ನು ತೋರಿಸುವ ಒಂದು ಅಧ್ಯಯನ ಕರ್ನಾಟಕದಲ್ಲಿಯೇ ನಡೆದಿದೆ. 1970ರ ದಶಕದಲ್ಲಿ ಕಾಗದದ ಕಾರ್ಖಾನೆಗಳಿಗೆ ಬಿದಿರು ಕಡಿಯುತ್ತಿದ್ದ ಕಾಡುಗಳಲ್ಲಿ ಬಿದಿರು ಕ್ಷೀಣಿಸುತ್ತಿರುವುದರ ಕಾರಣವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಪರಿಶೀಲಿಸಿದರು. ಆಗ ಗಳಗಳನ್ನು ಕಡಿಯುವುದರೊಡನೆ ಮೆಳೆಯ ಬುಡದ ಮುಳ್ಳನ್ನೂ ಸವರಿ ತೆಗೆಯುವ ಪದ್ಧತಿಯಿತ್ತು. ಇಕ್ಕಟ್ಟು ಕಡಿಮೆಯಾದರೆ ಹೊಸ ಗಳಗಳು ಚೆನ್ನಾಗಿ ಬರುತ್ತವೆಂಬುದು ಅದರ ಹಿಂದಿನ ನಂಬಿಕೆ. ಹಳ್ಳಿಯ ಜನರ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿತ್ತು: ಮುಳ್ಳು ತೆಗೆದರೆ ದನಗಳೂ ಕಾಡುಪ್ರಾಣಿಗಳೂ ಕಳಲೆಯನ್ನು ಮೇದುಬಿಡುತ್ತವೆ ಎಂದು ಅವರು ಹೇಳುತ್ತಿದ್ದರು. ಅಧ್ಯಯನವು ಹಳ್ಳಿಗರ ಮಾತನ್ನೇ ಸಮರ್ಥಿಸಿತು. ಮುಳ್ಳು ಸವರಿದ ಮೆಳೆಗಳಲ್ಲಿ ಕಳಲೆಗಳು ಮೇವಿಗೆ ಸಿಕ್ಕಿ, ಗಳಗಳಾಗುವವುಗಳ ಸಂಖ್ಯೆ ಇಳಿಯುತ್ತಿತ್ತು. ಒತ್ತಾಗಿ ಬೆಳೆದು ತೊಡಕಾಗಿದೆ ಎಂದು ಕಂಡ ಮುಳ್ಳೇ ಮೆಳೆಯ ಮುಂದಿನ ಪೀಳಿಗೆಯನ್ನು ಕಾಯುತ್ತಿತ್ತು.

ಇದರಿಂದ ಮೆಳೆಯ ಆರೈಕೆಗೆ ಕೆಲವು ನಿಯಮಗಳು ಹೊರಡುತ್ತವೆ. ಮೂರು ವರ್ಷ ತುಂಬಿದ ಗಳಗಳನ್ನು ಮಾತ್ರ ಕಡಿಯಬೇಕು. ಅವುಗಳಲ್ಲಿಯೂ ಕೆಲವನ್ನು ಎಳೆಯ ಗಳಗಳಿಗೆ ಆಸರೆಯಾಗಿ ಬಿಡಬೇಕು. ಕಳಲೆ ಏಳುವ ಮಳೆಗಾಲದಲ್ಲಿ ಕಡಿತ ನಿಲ್ಲಿಸಬೇಕು, ಗುಪ್ತಕಾಂಡವನ್ನು ಅಗೆಯಬಾರದು. ತಿನ್ನುವುದಕ್ಕೆ ಒತ್ತಾಗಿ ಬಂದ ಮತ್ತು ತಡವಾಗಿ ಬಂದ ಕಳಲೆಗಳನ್ನು ಆರಿಸಿ, ದಪ್ಪನಾದ, ಬೇಗ ಬಂದ ಕಳಲೆಗಳನ್ನು ಬೆಳೆಯಲು ಬಿಟ್ಟರೆ ಮೆಳೆಗೆ ಹಾನಿ ಕಡಿಮೆ. ಸ್ವಂತ ಜಮೀನಿನಲ್ಲಿ ಬಿದಿರನ್ನು ಬೀಜದಿಂದಲೂ, ಗುಪ್ತಕಾಂಡದ ತುಂಡಿನಿಂದಲೂ, ಗಳದ ತುಂಡುಗಳಿಂದಲೂ ಬೆಳೆಸಬಹುದು. ಹೂ ಬಿಡುವ ಕಾಲ ಸಮೀಪಿಸಿದ ಮೆಳೆಯಿಂದ ತುಂಡು ತಂದು ನೆಟ್ಟರೆ ಅದೂ ತಾಯಿಮೆಳೆಯೊಡನೆ ಹೂ ಬಿಟ್ಟು ಸಾಯುವ ಸಂಭವವಿರುವುದರಿಂದ ಮೆಳೆಯ ವಯಸ್ಸನ್ನು ವಿಚಾರಿಸಿ ನೆಡುವುದು ಲೇಸು.

ಕಾನೂನಿನಲ್ಲಿಯೂ ಬಿದಿರಿನ ಸ್ಥಾನ ಬದಲಾಗಿದೆ. 1927ರ ಭಾರತೀಯ ಅರಣ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ಬಿದಿರು 'ಮರ'ವಾಗಿ ಪರಿಗಣಿತವಾಗಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಅದನ್ನು ಕಿರು ಅರಣ್ಯ ಉತ್ಪನ್ನಗಳಲ್ಲಿ ಸೇರಿಸಿತು. 2017ರ ತಿದ್ದುಪಡಿಯಿಂದ 1927ರ ಕಾಯ್ದೆಯ 'ಮರ' ಎಂಬ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಡಲಾಯಿತು. ಅರಣ್ಯವಲ್ಲದ ಭೂಮಿಯಲ್ಲಿ ರೈತರು ಬೆಳೆದ ಬಿದಿರಿನ ಕಡಿತ ಮತ್ತು ಸಾಗಣೆಯನ್ನು ಸುಲಭಗೊಳಿಸುವುದು ಇದರ ಉದ್ದೇಶ. ಅರಣ್ಯದೊಳಗಿನ ಬಿದಿರು ಮತ್ತು ಕಳಲೆಗೆ ಅರಣ್ಯ ಮತ್ತು ವನ್ಯಜೀವಿ ಕಾನೂನುಗಳ ನಿರ್ಬಂಧಗಳು ಮುಂದುವರಿದಿವೆ. ಮಾರುಕಟ್ಟೆಯಲ್ಲಿ ಕಳಲೆಗೆ ಬೇಡಿಕೆ ಇರುವುದರಿಂದ, ಅದನ್ನು ಹಿತ್ತಲು, ತೋಟದ ಅಂಚು ಮತ್ತು ಹೊಳೆದಂಡೆಯ ಖಾಸಗಿ ಭೂಮಿಯಲ್ಲಿ ಬೆಳೆದು ಪಡೆಯುವುದು ಕಾಡಿನ ಮೆಳೆಗಳ ಮೇಲಿನ ಒತ್ತಡವನ್ನು ತಗ್ಗಿಸುವ ಮಾರ್ಗವಾಗಿದೆ.